ರೈಲು ಬಣ್ಣದ ಪದರಗಳಲ್ಲಿ ಆಡಳಿತ ಚರಿತ್ರೆ

ಬ್ರಿಟನ್ ಸರ್ಕಾರವು ತನ್ನ ಹೊಸ ಸಾರ್ವಜನಿಕ ರೈಲು ಸಂಸ್ಥೆ ‘ಗ್ರೇಟ್ ಬ್ರಿಟಿಷ್ ರೈಲ್ವೇಸ್’ನ ಗಾಡಿಗಳಿಗೆ ಬಳಿಯಲಿರುವ ಬಣ್ಣವನ್ನು 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ರಾಷ್ಟ್ರಧ್ವಜದ ಕೆಂಪು, ಬಿಳಿ, ನೀಲಿ. ಜೊತೆಗೆ ಆರು ದಶಕಗಳಷ್ಟು ಹಳೆಯದಾದ ಜೋಡಿ ಬಾಣದ ಲಾಂಛನ. ಖಾಸಗಿ ಕಂಪನಿಗಳ ಗುತ್ತಿಗೆ ಮುಗಿದಂತೆ ಪ್ರಯಾಣಿಕ ಸೇವೆಯನ್ನು ಸರ್ಕಾರವೇ ವಹಿಸಿಕೊಳ್ಳಲು ಅನುವಾಗುವ ಕಾಯ್ದೆಗೆ 2024ರಲ್ಲಿ ಅಂಗೀಕಾರ ದೊರೆತಿತ್ತು. ಟಿಕೆಟ್ ದರ ಮತ್ತು ಸಮಯಪಾಲನೆಯ ಮುಂದೆ ಬಣ್ಣ ಯಾವ ಲೆಕ್ಕ ಎಂಬ ಪ್ರಶ್ನೆ ಇಂಥ ಸಂದರ್ಭದಲ್ಲಿ ಏಳುವುದು ಸಹಜ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನಾನು ಆ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಆದರೆ ಬಣ್ಣವನ್ನು ಕ್ಷುಲ್ಲಕವೆಂದು ಬದಿಗಿಡಲೂ ಮನಸ್ಸು ಒಪ್ಪುವುದಿಲ್ಲ. ಆ ದೇಶದ ಹಳೆಯ ಡೀಸೆಲ್ ಪ್ರಯಾಣಿಕ ಗಾಡಿಗಳ ಬಣ್ಣವನ್ನು ಇಸವಿ ಸಮೇತ ನೆನಪಿಟ್ಟುಕೊಂಡಿರುವ ಹವ್ಯಾಸಿಗಳ ದೊಡ್ಡ ಸಮುದಾಯವೇ ಅಲ್ಲಿದೆ. ಅವರ ನೆನಪನ್ನು ಗಮನವಿಟ್ಟು ಕೇಳಿದರೆ ಅದರಲ್ಲಿ ಒಂದು ಸಾರ್ವಜನಿಕ ಸೇವೆಯ ಅರ್ಧ ಶತಮಾನದ ಆಡಳಿತ ಚರಿತ್ರೆ ಸಿಗುತ್ತದೆ.

ಗಾಡಿಗೆ ಬಳಿಯುವ ಬಣ್ಣ ಮತ್ತು ಗುರುತುಗಳಿಗೆ ಇಂಗ್ಲಿಷರು ‘ಲಿವರಿ’ ಎನ್ನುತ್ತಾರೆ. ಮೂಲತಃ ಅದು ಸಿರಿವಂತರ ಮನೆಯ ಆಳುಗಳು ತೊಡುತ್ತಿದ್ದ ಸಮವಸ್ತ್ರ. ನಮ್ಮ ಜಿಲ್ಲಾ ಕಚೇರಿಗಳ ಡವಾಲಿ ಜವಾನನ ಪಟ್ಟಿಯನ್ನೂ ಹಿತ್ತಾಳೆ ಬಿಲ್ಲೆಯನ್ನೂ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಉಡುಪು ತೊಟ್ಟವನಿಗಿಂತ ತೊಡಿಸಿದವರ ವಿಷಯವನ್ನೇ ಹೆಚ್ಚಾಗಿ ತಿಳಿಸುತ್ತದೆ.

ಡೀಸೆಲ್ ಗಾಡಿಗಳಿಗೆ ಅಭಿಮಾನಿಗಳು ಸುಲಭವಾಗಿ ದೊರೆಯಲಿಲ್ಲ. ಉಗಿ ಎಂಜಿನ್ನಿಗೆ ಹೊಗೆ, ಶಿಳ್ಳೆ, ಬೆಂಕಿಯ ಆಕರ್ಷಣೆ ಇತ್ತು. ಆ ಪ್ರೀತಿಯ ಉಗಿಯನ್ನು ಹಳಿಯಿಂದ ಓಡಿಸಿದ್ದೇ ಈ ಡೀಸೆಲ್ ಎಂದು ಹಿರಿಯ ಹವ್ಯಾಸಿಗಳು ಮುನಿಸಿಕೊಂಡಿದ್ದರು. ಬ್ರಿಟಿಷ್ ರೈಲಿನ ಮುಖ್ಯ ಮಾರ್ಗಗಳಲ್ಲಿ ಉಗಿಯ ಯುಗ 1968ರ ಆಗಸ್ಟ್‌ನಲ್ಲಿ ಮುಗಿಯಿತು. ಆ ಬಳಿಕ ಹುಟ್ಟಿದ ಮಕ್ಕಳಿಗೆ ಶಾಲೆಗೂ ಕಡಲ ತೀರಕ್ಕೂ ಕರೆದೊಯ್ದದ್ದು ಡೀಸೆಲ್ ಗಾಡಿ. ಇಂದು ಆ ಬಣ್ಣಗಳಿಗಾಗಿ ವಾದ ಹೂಡುವವರಲ್ಲಿ ಈ ತಲೆಮಾರಿನವರು ಬಹಳ ಮಂದಿ.

ಮೊದಲ ಬಣ್ಣ ಹಸಿರು. ಡರ್ಬಿಯ ಕಾರ್ಖಾನೆಯಲ್ಲಿ ತಯಾರಾದ ಅಲ್ಯೂಮಿನಿಯಂ ಮೈಯ ಹಗುರ ಡೀಸೆಲ್ ಗಾಡಿಗಳು 1954ರಲ್ಲಿ ಲೀಡ್ಸ್–ಬ್ರಾಡ್‌ಫರ್ಡ್ ಪ್ರದೇಶದಲ್ಲಿ ಓಡಲಾರಂಭಿಸಿದವು. ಮರುವರ್ಷ ಪ್ರಕಟವಾದ ಆಧುನೀಕರಣ ಯೋಜನೆಯ ಗಾತ್ರ 124 ಕೋಟಿ ಪೌಂಡ್. ಅದರ ಹಿಂದಿನ ತರ್ಕ ಸರಳವಾಗಿತ್ತು. ಉಗಿ ಎಂಜಿನ್ನಿಗೆ ಚಾಲಕನಲ್ಲದೆ ಬೆಂಕಿ ಹಾಕುವವನೊಬ್ಬ ಬೇಕು. ಬೆಳಗಿನ ಗಾಡಿಗೆ ಗಂಟೆಗಟ್ಟಲೆ ಮೊದಲೇ ಒಲೆ ಹೊತ್ತಿಸಬೇಕು. ಮಾರ್ಗದ ಕೊನೆಯಲ್ಲಿ ಎಂಜಿನ್ ಕಳಚಿ ಇನ್ನೊಂದು ತುದಿಗೆ ತಂದು ಜೋಡಿಸಬೇಕು. ಡೀಸೆಲ್ ಗಾಡಿಯಲ್ಲಾದರೋ ಎಂಜಿನ್ನು ಬೋಗಿಯ ನೆಲದಡಿಯಲ್ಲೇ ಇರುತ್ತದೆ, ಎರಡೂ ತುದಿಗಳಲ್ಲಿ ಚಾಲಕನ ಕೋಣೆ ಇರುತ್ತದೆ. ಕೊನೆಯ ನಿಲ್ದಾಣದಲ್ಲಿ ಚಾಲಕ ಈಚೆಯಿಂದ ಆಚೆಗೆ ನಡೆದುಹೋದರೆ ಗಾಡಿ ಮರಳಲು ಸಿದ್ಧ. ಹಸಿರು ಮೈ, ಅದರ ಮೇಲೆ ಕೆನೆಬಣ್ಣದ ಗೆರೆಗಳು. ಮೂತಿಯ ಮೇಲೆ ಕವಲೊಡೆದ ಪಟ್ಟೆಗಳಿಗೆ ಹವ್ಯಾಸಿಗಳು ಇಟ್ಟ ಹೆಸರು ‘ವೇಗದ ಮೀಸೆ’. ವಾಸ್ತವದಲ್ಲಿ ಆ ಗಾಡಿಗಳಿಗೆ ಅಂಥ ವೇಗವೇನೂ ಇರಲಿಲ್ಲ. ಹಳೆಯದು ಮುಗಿಯಿತು, ಹೊಸದು ಬಂತು ಎಂದು ಊರವರಿಗೆ ಸಾರುವುದೇ ಆ ಮೀಸೆಯ ಕೆಲಸವಾಗಿತ್ತೆಂದು ನನ್ನ ಊಹೆ.

ಈ ಗಾಡಿಗಳ ಬಗ್ಗೆ ಹವ್ಯಾಸಿಗಳು ಮತ್ತೆ ಮತ್ತೆ ಹೇಳುವ ಇನ್ನೊಂದು ಸಂಗತಿಯಿದೆ. ಚಾಲಕನ ಕೋಣೆಗೂ ಪ್ರಯಾಣಿಕರ ಆಸನಗಳಿಗೂ ನಡುವೆ ಇದ್ದದ್ದು ಗಾಜಿನ ತಡೆ. ಮುಂದಿನ ಸಾಲಿನಲ್ಲಿ ಕುಳಿತ ಹುಡುಗನಿಗೆ ಚಾಲಕ ಕಾಣುವುದೆಲ್ಲ ಕಾಣುತ್ತಿತ್ತು: ಹಳಿ, ಸಿಗ್ನಲ್ ಕಂಬ, ಸುರಂಗದ ಬಾಯಿ. ಕತ್ತಲಾದ ಮೇಲೆ ಒಳಗಿನ ದೀಪದ ಪ್ರತಿಫಲನ ತಪ್ಪಿಸಲು ಚಾಲಕ ಹಿಂದಿನ ಪರದೆ ಇಳಿಸುತ್ತಿದ್ದ. ಕೆಲವರು ಹಗಲಿನಲ್ಲೂ ಇಳಿಸಿಬಿಡುತ್ತಿದ್ದರಂತೆ. ಆ ಚಾಲಕರನ್ನು ಐವತ್ತು ವರ್ಷವಾದರೂ ಕ್ಷಮಿಸದವರನ್ನು ನಾನು ಕಂಡಿದ್ದೇನೆ. ಯಂತ್ರವೊಂದು ಹೇಗೆ ನಡೆಯುತ್ತದೆ ಎಂಬುದನ್ನು ಜನಸಾಮಾನ್ಯರ ಮಕ್ಕಳಿಗೆ ಟಿಕೆಟ್ ದರದಲ್ಲೇ ತೋರಿಸಿದ ಸರ್ಕಾರಿ ಸೇವೆ ಎಲ್ಲೆಡೆ ಸಿಗುವಂಥದ್ದಲ್ಲ.

1990ರಲ್ಲಿ ತರಬೇತಿಗಾಗಿ ಕೆಲವು ತಿಂಗಳು ಮ್ಯಾಂಚೆಸ್ಟರ್‌ನಲ್ಲಿದ್ದಾಗ ಶನಿವಾರಗಳಂದು ಇಂಥ ಹಳೆಯ ಗಾಡಿಗಳಲ್ಲಿ ಸುತ್ತಾಡಿದ್ದೆ. ಬಾಗಿಲಿಗೆ ಒಳಗಡೆ ಹಿಡಿ ಇರಲಿಲ್ಲ. ಕಿಟಕಿಯ ಗಾಜು ಇಳಿಸಿ, ಕೈ ಹೊರಚಾಚಿ, ಹೊರಗಿನ ಹಿಡಿ ತಿರುಗಿಸಬೇಕಿತ್ತು. ಈ ಕಸರತ್ತಿನಲ್ಲಿ ತಡವರಿಸುತ್ತಿದ್ದ ನನಗೆ ನೆರವಾದ ವೃದ್ಧರೊಬ್ಬರು ನಿವೃತ್ತ ಗುಮಾಸ್ತರು, ಕೈಯಲ್ಲಿ ಗಾಡಿ ಸಂಖ್ಯೆ ಬರೆದುಕೊಳ್ಳುವ ಪುಟ್ಟ ಪುಸ್ತಕ. ಬಾಗಿಲಂಚಿನಲ್ಲಿ ಬಣ್ಣ ಚಕ್ಕೆಯೆದ್ದಿದ್ದ ಜಾಗವನ್ನು ಅವರು ಬೆರಳಿಟ್ಟು ತೋರಿಸಿದರು. ಮೇಲೆ ನೀಲಿ–ಬೂದು, ಅದರಡಿ ಬಿಳಿ, ಅದರಡಿ ಮತ್ತೆ ನೀಲಿ, ತಳದಲ್ಲಿ ಹಸಿರು. ಪ್ರತಿ ಪದರಕ್ಕೂ ಅವರಲ್ಲಿ ಒಂದು ಇಸವಿ ಇತ್ತು, ಒಬ್ಬ ಮಂತ್ರಿಯ ಹೆಸರಿತ್ತು, ಒಂದು ದೂರೂ ಇತ್ತು. ಕಂದಾಯ ದಾಖಲೆಗಳಲ್ಲಿ ಹಕ್ಕು ಬದಲಾವಣೆಯ ಜಾಡು ಹಿಡಿಯುವ ಕೆಲಸ ಮಾಡಿ ಬಂದಿದ್ದ ನನಗೆ ಆ ಬಾಗಿಲಂಚು ಬಹಳ ಪರಿಚಿತವೆನಿಸಿತು.

ಆ ಪದರಗಳಲ್ಲಿ ನೀಲಿಯದು 1965ರ ಕಥೆ. ಅದಕ್ಕೆ ಎರಡು ವರ್ಷ ಹಿಂದೆ ಡಾ. ರಿಚರ್ಡ್ ಬೀಚಿಂಗ್ ಅವರ ವರದಿ ಸುಮಾರು 5,000 ಮೈಲಿ ಮಾರ್ಗವನ್ನೂ 2,363 ನಿಲ್ದಾಣಗಳನ್ನೂ ಮುಚ್ಚಲು ಸೂಚಿಸಿತ್ತು. ಕಡಿಮೆ ಸಂಚಾರದ ಮಾರ್ಗಗಳನ್ನು ಅಗ್ಗದ ಡೀಸೆಲ್ ಗಾಡಿಗಳು ಉಳಿಸಬಲ್ಲವು ಎಂಬ ವಾದವನ್ನು ಅವರು ಒಪ್ಪಲಿಲ್ಲ. ಜಾಲ ಕುಗ್ಗುತ್ತಿದ್ದ ಅದೇ ವೇಳೆಗೆ ಸಂಸ್ಥೆ ತನ್ನ ಹೆಸರನ್ನು ‘ಬ್ರಿಟಿಷ್ ರೈಲ್’ ಎಂದು ಮೊಟಕುಗೊಳಿಸಿ, ಹೊಸ ಅಕ್ಷರ ವಿನ್ಯಾಸ, ಜೆರಾಲ್ಡ್ ಬಾರ್ನಿ ರೂಪಿಸಿದ ಜೋಡಿ ಬಾಣ ಮತ್ತು ದೇಶಕ್ಕೆಲ್ಲ ಒಂದೇ ನೀಲಿಯನ್ನು ಧರಿಸಿತು. ದಕ್ಷತೆಯ ಬಣ್ಣವೆಂದು ಅದನ್ನು ಭಾವಿಸಿದ್ದಿರಬೇಕು. ಕಾರಿಗಿಂತ ರೈಲು ಹಳತು ಎಂದು ನಂಬತೊಡಗಿದ್ದ ಸಮಾಜಕ್ಕೆ ನಾವೂ ಆಧುನಿಕರೇ ಎಂದು ಹೇಳಿಕೊಳ್ಳುವ ಆತುರ ಅದರಲ್ಲಿ ಕಾಣುತ್ತದೆ. ಆದರೆ ಸ್ಥಳೀಯ ಗಾಡಿಗಳ ಆ ನೀಲಿ ಬೇಗ ಮಂಕಾಗುತ್ತಿತ್ತು. 1970ರ ದಶಕದ ಮಧ್ಯದಲ್ಲಿ ನವೀಕರಿಸಿದ ಗಾಡಿಗಳಿಗೆ ಬಿಳಿ ಬಳಿದು ನಡುವೆ ನೀಲಿ ಪಟ್ಟಿ ಎಳೆದರು. ಡೀಸೆಲ್ ಮಸಿಯ ನಡುವೆ ಬಿಳಿ ಬಣ್ಣ! ಈ ಆದೇಶಕ್ಕೆ ಸಹಿ ಹಾಕಿದವರು ಗಾಡಿ ತೊಳೆಯುವವರನ್ನು ಒಂದು ಮಾತು ಕೇಳಿರಲಾರರು. ಬಿಳಿಯನ್ನು ಶುಭ್ರವಾಗಿಡಲು ಸಾಧ್ಯವಾಗದೆ ಕ್ರಮೇಣ ನೀಲಿ–ಬೂದಿಗೆ ಹೋಗಬೇಕಾಯಿತು.

ಈ ಸಾಲಿನಲ್ಲಿ ಅಲಂಕಾರದ ಉದ್ದೇಶವೇ ಇಲ್ಲದ ಬಣ್ಣವೊಂದಿದೆ. ಉಗಿ ಎಂಜಿನ್ನಿನ ಸದ್ದು ದೂರದಿಂದಲೇ ಕೇಳುತ್ತಿತ್ತು. ಅಷ್ಟು ಸದ್ದಿಲ್ಲದೆ ಬರುವ ಡೀಸೆಲ್ ಗಾಡಿ ಹಳಿ ದುರಸ್ತಿಯಲ್ಲಿ ತೊಡಗಿದ ಗ್ಯಾಂಗ್‌ಮನ್‌ಗಳಿಗೆ ಅಪಾಯಕಾರಿಯಾಯಿತು. 1960ರ ದಶಕದ ಮೊದಲಲ್ಲಿ ವೇಗದ ಮೀಸೆಯ ಜಾಗಕ್ಕೆ ಚಿಕ್ಕ ಹಳದಿ ಚೌಕ ಬಂತು. ದಶಕದ ಕೊನೆಗೆ ಮೂತಿಯೆಲ್ಲ ಹಳದಿಯಾಯಿತು. ಪ್ರಖರ ದೀಪಗಳುಳ್ಳ ಗಾಡಿಗಳಿಗೆ ಈ ನಿಯಮ ಸಡಿಲವಾದದ್ದು 2016ರಲ್ಲಿ. ಆ ಹಳದಿ ಅಂದಗೆಡಿಸಿತು ಎನ್ನುವ ಹವ್ಯಾಸಿಗಳು ಇದ್ದಾರೆ. ನನ್ನ ಮಟ್ಟಿಗೆ, ಇಡೀ ಚರಿತ್ರೆಯಲ್ಲಿ ಸಂಬಳ ಕಡಿಮೆಯ ನೌಕರನನ್ನು ಮನಸ್ಸಿನಲ್ಲಿಟ್ಟು ಬಳಿದ ಬಣ್ಣ ಇದೊಂದೇ.

ಬಣ್ಣದ ನೆಪದಿಂದ ದೊಡ್ಡ ಲಾಭವಾದ ಪ್ರಸಂಗವೂ ಉಂಟು. ಗಂಟೆಗೆ 125 ಮೈಲಿ ವೇಗದ ಡೀಸೆಲ್ ರೈಲು ಸಿದ್ಧವಾಗುತ್ತಿದ್ದಾಗ ವಿನ್ಯಾಸಕಾರ ಕೆನೆತ್ ಗ್ರೇಂಜ್ ಅವರಿಗೆ ವಹಿಸಿದ್ದು ಬಣ್ಣದ ಕೆಲಸ ಮಾತ್ರ. ಗಾಡಿಯ ಮೂತಿಯೇ ಸರಿಯಿಲ್ಲವೆನಿಸಿ, ಯಾರೂ ಹೇಳದಿದ್ದರೂ ಅವರು ಗಾಳಿ ಸುರಂಗದಲ್ಲಿ ಮಾದರಿಗಳನ್ನು ಪರೀಕ್ಷಿಸಿ ಹೊಸ ಆಕಾರ ರೂಪಿಸಿದರು. ಸಂಸ್ಥೆ ಅದನ್ನು ಒಪ್ಪಿಕೊಂಡಿತು. ಇದರ ಮೂಲಮಾದರಿ 1973ರ ಜೂನ್‌ನಲ್ಲಿ ಗಂಟೆಗೆ 143 ಮೈಲಿ ಓಡಿ ಡೀಸೆಲ್ ವೇಗದ ವಿಶ್ವದಾಖಲೆ ಬರೆಯಿತು. 1976ರ ಅಕ್ಟೋಬರ್‌ನಲ್ಲಿ ಲಂಡನ್ನಿನಿಂದ ಬ್ರಿಸ್ಟಲ್ ಮತ್ತು ದಕ್ಷಿಣ ವೇಲ್ಸ್‌ಗೆ ‘ಇಂಟರ್‌ಸಿಟಿ 125’ ಸೇವೆ ಆರಂಭವಾಯಿತು. ಇನ್ನೂ ಮುಂದುವರಿದ ರೈಲು ಬರುವವರೆಗಿನ ತಾತ್ಕಾಲಿಕ ವ್ಯವಸ್ಥೆ ಎಂದುಕೊಂಡಿದ್ದ ಈ ಗಾಡಿ ಪ್ಯಾಡಿಂಗ್ಟನ್‌ನಿಂದ ಹೊರಡುವ ದೂರ ಪ್ರಯಾಣದ ಸೇವೆಯಿಂದ ನಿವೃತ್ತವಾದದ್ದು 2019ರಲ್ಲಿ. ವಹಿಸಿದ ಕಡತದ ಆಚೆಗೆ ಹೋಗುವವರನ್ನು ನಮ್ಮ ಕಚೇರಿಗಳಲ್ಲಿ ಹೇಗೆ ಕಾಣುತ್ತಾರೆಂಬುದು ಓದುಗರಿಗೆ ಗೊತ್ತು.

1980ರ ದಶಕದಲ್ಲಿ ಒಂದೇ ನೀಲಿ ಒಡೆಯಿತು. ಸಂಸ್ಥೆಯನ್ನು ವ್ಯವಹಾರ ವಿಭಾಗಗಳಾಗಿ ವಿಂಗಡಿಸಿದಂತೆ ಒಂದೊಂದಕ್ಕೂ ಬೇರೆ ಬಣ್ಣ. 1986ರಲ್ಲಿ ಲಂಡನ್ ಸುತ್ತಲಿನ ‘ನೆಟ್‌ವರ್ಕ್ ಸೌತ್‌ಈಸ್ಟ್’ ಕೆಂಪು, ಬಿಳಿ, ನೀಲಿ ಧರಿಸಿ, ನಿಲ್ದಾಣದ ದೀಪದ ಕಂಬಗಳಿಗೂ ಕೆಂಪು ಬಳಿಸಿತು. ಟೂತ್‌ಪೇಸ್ಟ್ ಎಂದು ಆಗ ಅಣಕಿಸಲಾದ ಆ ಬಣ್ಣವನ್ನು ಈಗ ಹವ್ಯಾಸಿಗಳು ಅಕ್ಕರೆಯಿಂದ ಸ್ಮರಿಸುತ್ತಾರೆ. ಅದೇ ಕಾಲದಲ್ಲಿ ಡೆವನ್ ಮತ್ತು ಕಾರ್ನ್‌ವಾಲ್‌ನ ಕವಲು ಮಾರ್ಗಗಳಿಗೆ ನಾಲ್ಕು ಚಕ್ರದ ಅಗ್ಗದ ಹೊಸ ಗಾಡಿಗಳನ್ನು ಕಳುಹಿಸುವಾಗ, 1947ರ ಕೊನೆಯವರೆಗೆ ಅಲ್ಲಿ ರೈಲು ಓಡಿಸಿದ್ದ ಗ್ರೇಟ್ ವೆಸ್ಟರ್ನ್ ಕಂಪನಿಯ ಚಾಕೊಲೇಟ್–ಕೆನೆ ಬಣ್ಣ ಬಳಿದರು. ಹಳೆಯ ವೈಭವದ ವೇಷವೇನೋ ಒಪ್ಪಿತು. ಆದರೆ ಆ ಗಾಡಿಗಳ ಚಕ್ರಗಳಿಗೆ ಅಲ್ಲಿನ ಕಡಿದಾದ ತಿರುವುಗಳು ಒಗ್ಗಲಿಲ್ಲ. ಕಿರುಚುತ್ತ ಸವೆಯತೊಡಗಿದ ಅವನ್ನು ಕೆಲವೇ ವರ್ಷಗಳಲ್ಲಿ ಉತ್ತರಕ್ಕೆ ಸಾಗಿಸಿ, ನಿವೃತ್ತಿಯ ಅಂಚಿನಲ್ಲಿದ್ದ ಹಳೆಯ ಡೀಸೆಲ್ ಗಾಡಿಗಳನ್ನೇ ಮರಳಿ ಕರೆಸಬೇಕಾಯಿತು.

1993ರ ರೈಲ್ವೆ ಕಾಯ್ದೆಯ ನಂತರ ಪ್ರಯಾಣಿಕ ಸೇವೆ 25 ಗುತ್ತಿಗೆಗಳಾಗಿ ಹಂಚಿಹೋಯಿತು. ಬೋಗಿಗಳ ಒಡೆತನ ಮೂರು ಬಾಡಿಗೆ ಕಂಪನಿಗಳದು, ಓಡಿಸುವ ಹಕ್ಕು ಗುತ್ತಿಗೆದಾರನದು, ಬಣ್ಣವೂ ಗುತ್ತಿಗೆದಾರನದು. ಗುತ್ತಿಗೆ ಕೈ ಬದಲಾದರೆ ಗಾಡಿ ಅದೇ, ಸಿಬ್ಬಂದಿ ಬಹುಪಾಲು ಅದೇ, ಬಣ್ಣ ಮಾತ್ರ ಹೊಸದು. ಪೈಪೋಟಿಯನ್ನು ನಂಬಿದ ಅರ್ಥಶಾಸ್ತ್ರಜ್ಞರು ಬ್ರಾಂಡಿನ ಬೆಲೆಯನ್ನು ವಿವರಿಸಬಹುದು. ಆದರೆ ತನ್ನೂರಿಗೆ ಇರುವ ಒಂದೇ ರೈಲನ್ನು ಹಿಡಿಯುವವನು ಬಣ್ಣ ನೋಡಿ ಆರಿಸಿಕೊಳ್ಳುವುದು ಏನಿದೆ?

ಹವ್ಯಾಸಿಗಳ ಸಂರಕ್ಷಣೆಯ ಬಗ್ಗೆ ನನ್ನದೊಂದು ತಕರಾರಿದೆ. ಹಳೆಯ ಗಾಡಿಯನ್ನು ಉಳಿಸಿದವರು ಅದಕ್ಕೆ ಕಾರ್ಖಾನೆಯಿಂದ ಹೊರಬಿದ್ದ ದಿನದ ಹೊಳೆಯುವ ಹಸಿರನ್ನೇ ತೊಡಿಸಲು ಬಯಸುವುದುಂಟು. ಮಂಕು ನೀಲಿಯಲ್ಲಿ, ತುಂಬಿ ತುಳುಕುತ್ತ ಓಡಿದ ವರ್ಷಗಳೂ ಅಷ್ಟೇ ನಿಜ. ಆದರೂ ಅವರಿಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ‘ಬ್ಲೂ ಪುಲ್‌ಮನ್’ ಸಾಕ್ಷಿ. 1960ರಲ್ಲಿ ನಾನ್‌ಕಿಂಗ್ ನೀಲಿ ಮತ್ತು ಬಿಳಿ ಧರಿಸಿ ಬಂದ ಈ ಹವಾನಿಯಂತ್ರಿತ ಡೀಸೆಲ್ ರೈಲು ಆ ಸಂಸ್ಥೆಯ ಪ್ರತಿಷ್ಠೆಯ ಗಾಡಿ. 1973ರಲ್ಲಿ ಸೇವೆಯಿಂದ ತೆಗೆದ ಮೇಲೆ ಐದೂ ರೈಲುಗಳು ಗುಜರಿ ಸೇರಿದವು, ಒಂದು ಬೋಗಿಯೂ ಉಳಿಯಲಿಲ್ಲ. 2020ರಲ್ಲಿ ಖಾಸಗಿ ಸಂಸ್ಥೆಯೊಂದು ಇಂಟರ್‌ಸಿಟಿ 125 ರೈಲೊಂದಕ್ಕೆ ಆ ನೀಲಿ–ಬಿಳಿಯನ್ನು ಬಳಿದು ವಿಹಾರ ಪ್ರಯಾಣಕ್ಕೆ ಬಿಟ್ಟಿತು. ಇದಕ್ಕೆ ವ್ಯತಿರಿಕ್ತವಾಗಿ, 1960ರ ಸುಮಾರಿಗೆ ತಯಾರಾದ ಒಂಟಿ ಬೋಗಿಯ ಸಾಮಾನ್ಯ ಡೀಸೆಲ್ ಗಾಡಿಗಳು ಏಲ್ಸ್‌ಬರಿ–ಪ್ರಿನ್ಸಸ್ ರಿಸ್‌ಬರೋ ಮಾರ್ಗದಲ್ಲಿ 2017ರ ಮೇವರೆಗೂ ದುಡಿದವು. ಕೊನೆಗಾಲದ ಎರಡರಲ್ಲಿ ಒಂದು ನೀಲಿ, ಇನ್ನೊಂದು ಹಳೆಯ ಹಸಿರು.

ಇಂಥದೇ ಒಂಟಿ ಬೋಗಿಯ ಗಾಡಿಗಳನ್ನು 1956ರಲ್ಲಿ ಬ್ಯಾನ್‌ಬರಿ–ಬಕಿಂಗ್‌ಹ್ಯಾಮ್ ಮಾರ್ಗದಲ್ಲಿ ಪ್ರಯೋಗಕ್ಕೆ ಬಿಟ್ಟಿದ್ದರು. ಪ್ರಯಾಣಿಕರು ಹೆಚ್ಚಿದರು, ವೆಚ್ಚ ಇಳಿಯಿತು, ನಷ್ಟ ಮಾತ್ರ ಪೂರ್ತಿ ನೀಗಲಿಲ್ಲ. 1961ರ ಆರಂಭಕ್ಕೆ ಆ ಸೇವೆ ನಿಂತಿತು. ಗಾಡಿಗಳಲ್ಲಿ ಒಂದನ್ನು ರೈಲ್ವೆಯವರು ‘ಐರಿಸ್’ ಎಂಬ ಪರೀಕ್ಷಾ ಬೋಗಿಯಾಗಿ ಇಲಾಖೆಯ ಕೆಲಸಕ್ಕೆ ಇರಿಸಿಕೊಂಡರು. ಅದರಿಂದಾಗಿಯೇ ಗುಜರಿಯಿಂದ ತಪ್ಪಿಸಿಕೊಂಡ ಅದು ಮುಂದೆ ಸಂರಕ್ಷಕರ ಕೈ ಸೇರಿ, ಡರ್ಬಿಶೈರ್‌ನ ಎಕಲ್ಸ್‌ಬೋರ್ನ್ ಕಣಿವೆಯ ಪಾರಂಪರಿಕ ರೈಲು ಮಾರ್ಗಕ್ಕೆ ಬಂತು. ಅದು ಹತ್ತಿಸಿಕೊಂಡವರನ್ನು ಇಳಿಸುತ್ತಿದ್ದ ಬಕಿಂಗ್‌ಹ್ಯಾಮ್ ನಿಲ್ದಾಣ ಈಗಿಲ್ಲ. ಹಳಿಯಿದ್ದ ಜಾಗದಲ್ಲಿ ಊರವರು ವಾಯುವಿಹಾರ ಮಾಡುವ ಕಾಲುದಾರಿಯಿದೆ.