ಕಾರ್ಖಾನೆಯ ಮಾತು ಮಾಲೀಕನಿಗೂ ತಲುಪಲಿ

ಹತ್ತಿಯ ಹಂಗಾಮು ಆರಂಭವಾಯಿತೆಂದರೆ ಸೈದಾಪುರದ ಸುತ್ತಲಿನ ನಮ್ಮಂತಹ ಜಿನ್ನಿಂಗ್ ಕಾರ್ಖಾನೆಯವರಿಗೆ ಹಗಲು ರಾತ್ರಿಗಳ ಭೇದ ಉಳಿಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಅಂತಹದೇ ಒಂದು ಹಂಗಾಮಿನಲ್ಲಿ ನನ್ನ ಕಾರ್ಖಾನೆಯ ಅರಳೆಯ ರಾಶಿಗೆ ನಸುಕಿನ ಹೊತ್ತಿಗೆ ಬೆಂಕಿ ತಗುಲಿತು. ದೈವಕೃಪೆಯಿಂದ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಮಾಲು ಮಾತ್ರ ಹೋಯಿತು.

ಮರುದಿನ ವಿಚಾರಿಸಿದಾಗ ತಿಳಿದದ್ದೇನು? ಯಂತ್ರಕ್ಕೆ ಹತ್ತಿ ಹಾಕುವ ಹೆಣ್ಣುಮಗಳೊಬ್ಬಳು ಹಿಂದಿನ ಸಂಜೆಯೇ ಬೇರಿಂಗಿನ ಸದ್ದು ಬದಲಾದುದನ್ನು ಗಮನಿಸಿದ್ದಳು. ಆಕೆಯ ಮಾತನ್ನು ಕೇಳಿದ ಮೇಸ್ತ್ರಿ, ಬೆಳಿಗ್ಗೆ ಫಿಟ್ಟರನಿಗೆ ಹೇಳಿದರಾಯಿತೆಂದುಕೊಂಡಿದ್ದ. ಕಾವಲುಗಾರನಿಗೆ ಸುಟ್ಟ ವಾಸನೆ ಬಂದಿತ್ತು. ಯಾರೋ ಕಸ ಸುಡುತ್ತಿರಬೇಕೆಂದು ಆತ ಸುಮ್ಮನಾಗಿದ್ದ. ಒಬ್ಬೊಬ್ಬರಿಗೂ ಸಂಗತಿಯ ಒಂದೊಂದು ತುಣುಕು ಗೊತ್ತಿತ್ತು. ಏನೂ ಗೊತ್ತಿಲ್ಲದವನೆಂದರೆ ಮಾಲೀಕನಾದ ನಾನೊಬ್ಬನೇ!

ಆ ಘಟನೆಯ ನಂತರ ನಾನೂ ಎಲ್ಲರಂತೆ ವಾಟ್ಸ್‌ಆ್ಯಪ್ ಗುಂಪೊಂದನ್ನು ರಚಿಸಿದೆ. ಆರು ತಿಂಗಳ ಬಳಿಕ ಅದನ್ನು ಹಿಂದಿರುಗಿ ನೋಡಿದಾಗ ಬಹುಪಾಲು ಸಂದೇಶಗಳು ನನ್ನವೇ ಆಗಿದ್ದವು. ‘ನಾಳೆ 7 ಗಂಟೆಗೆ ಬರತಕ್ಕದ್ದು’, ‘ಲಾರಿ ತಡವಾದದ್ದೇಕೆ?’ ಎಂಬಂತಹವು. ಗೋಡೆಯ ಮೇಲಿದ್ದ ಸೂಚನಾ ಫಲಕವು ಜೇಬಿಗೆ ಬಂದಿತ್ತೇ ಹೊರತು ಬೇರೇನೂ ಬದಲಾಗಿರಲಿಲ್ಲ. ನಮ್ಮ ಅನೇಕ ವರ್ತಕ ಬಾಂಧವರ ಅನುಭವವೂ ಇದಕ್ಕಿಂತ ಭಿನ್ನವಾಗಿರಲಾರದು.

ಸಾಮಾಜಿಕ ಜಾಲತಾಣಗಳ ಯಶಸ್ಸಿನ ಗುಟ್ಟೇನು ಎಂಬುದನ್ನು ಇಲ್ಲಿ ಪರಿಶೀಲಿಸಬೇಕಾಗಿದೆ. 2004ರಲ್ಲಿ ಆರ್ಕುಟ್ ಮತ್ತು ಫೇಸ್‌ಬುಕ್ ಆರಂಭವಾದಾಗ ಅವು ತಂದ ಹೊಸತನ ಮೂರು ಬಗೆಯದು. ಮೊದಲನೆಯದಾಗಿ, ಮಾತನ್ನು ಯಾರು ಬೇಕಾದರೂ ಆರಂಭಿಸಬಹುದು. ಎರಡನೆಯದಾಗಿ, ಆಡಿದ ಮಾತು ಒಬ್ಬರ ಬಾಯಿಂದ ಮತ್ತೊಬ್ಬರ ಕಿವಿಗೆ ದಾಟುತ್ತಾ ಸವೆಯದೆ ಸಂಬಂಧಪಟ್ಟ ಎಲ್ಲರಿಗೂ ಏಕಕಾಲಕ್ಕೆ ತಲುಪುತ್ತದೆ. ಮೂರನೆಯದಾಗಿ, ಅದಕ್ಕೆ ಯಾರು ಏನು ಉತ್ತರ ಕೊಟ್ಟರೆಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ನಮ್ಮ ಉದ್ದಿಮೆಗಳು ಅಳವಡಿಸಿಕೊಳ್ಳಬೇಕಾದದ್ದು ಈ ಮೂರು ಗುಣಗಳನ್ನು.

ಉಪಕರಣಗಳು ಬರುತ್ತವೆ, ಹೋಗುತ್ತವೆ. ಆರ್ಕುಟ್ 2014ರಲ್ಲಿ ಮುಚ್ಚಿಹೋಯಿತು. ಕಚೇರಿಗಳಿಗೆಂದೇ 2008ರಲ್ಲಿ ಆರಂಭವಾದ ಯಾಮರ್ ಎಂಬ ಜಾಲವನ್ನು ಮೈಕ್ರೋಸಾಫ್ಟ್ ಸಂಸ್ಥೆ 2012ರಲ್ಲಿ 120 ಕೋಟಿ ಡಾಲರುಗಳಿಗೆ ಕೊಂಡಿತು. ಫೇಸ್‌ಬುಕ್ ಸಂಸ್ಥೆಯು 2016ರಲ್ಲಿ ‘ವರ್ಕ್‌ಪ್ಲೇಸ್’ ಹೆಸರಿನಲ್ಲಿ ಇಂತಹುದೇ ಸೇವೆಯನ್ನು ಆರಂಭಿಸಿ, 2024ರಲ್ಲಿ ಅದನ್ನು ಮುಚ್ಚುವುದಾಗಿ ಪ್ರಕಟಿಸಿತು. ಇದಕ್ಕೆ ಪ್ರತಿಯಾಗಿ ಜಪಾನಿನ ಟೊಯೊಟಾ ಕಾರ್ಖಾನೆಯು 1951ರಲ್ಲಿಯೇ, ಯಾವ ಗಣಕಯಂತ್ರದ ನೆರವೂ ಇಲ್ಲದೆ, ಕಾರ್ಮಿಕರಿಂದ ಸಲಹೆಗಳನ್ನು ಪಡೆಯುವ ಪದ್ಧತಿಯನ್ನು ಜಾರಿಗೆ ತಂದಿತು. ದೋಷ ಕಂಡ ಕೂಡಲೇ ಸಾಮಾನ್ಯ ಕಾರ್ಮಿಕನೂ ಹಗ್ಗ ಜಗ್ಗಿ ಉತ್ಪಾದನೆಯನ್ನು ನಿಲ್ಲಿಸಬಹುದೆಂಬ ಅಧಿಕಾರವೂ ಅಲ್ಲಿದೆ. ಆ ಹಗ್ಗದ ಬೆಲೆ ಎಷ್ಟು? ಅದನ್ನು ಜಗ್ಗುವ ಅಧಿಕಾರ ಕೊಟ್ಟ ಮನಸ್ಸೇ ಬೆಲೆಯುಳ್ಳದ್ದು.

ನಮ್ಮ ನೆಲಕ್ಕೂ ಈ ವಿಚಾರ ಹೊಸದಲ್ಲ. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನವರು ವೃತ್ತಿಯಿಂದ ನೇಕಾರರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗರೂ ಮಡಿವಾಳರೂ ಹಗ್ಗ ಹೊಸೆಯುವವರೂ ವಚನಕಾರರಾಗಿ ತಮ್ಮ ಅನುಭವವನ್ನು ಮುಚ್ಚುಮರೆಯಿಲ್ಲದೆ ನುಡಿದರು. ಕಾಯಕ ಮಾಡುವವನ ಮಾತಿಗೆ ತೂಕವಿದೆಯೆಂಬ ಆ ನಂಬಿಕೆಯನ್ನು ನಾವು ನಮ್ಮ ಗೋದಾಮು ಗಿರಣಿಗಳಲ್ಲಿ ಎಷ್ಟರಮಟ್ಟಿಗೆ ಉಳಿಸಿಕೊಂಡಿದ್ದೇವೆ?

ಇನ್ನು ಸ್ಥಳೀಯ ಪರಿಸ್ಥಿತಿಯನ್ನು ಗಮನಿಸೋಣ. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 52, ರಾಜ್ಯದಲ್ಲಿಯೇ ಅತಿ ಕಡಿಮೆ. ಗಡಿಗೆ ಹತ್ತಿರವಿರುವ ನಮ್ಮಲ್ಲಿ ಕನ್ನಡದ ಜೊತೆಗೆ ತೆಲುಗು, ಉರ್ದು ಮಾತನಾಡುವವರೂ ದುಡಿಯುತ್ತಾರೆ; ಹೊರ ರಾಜ್ಯಗಳಿಂದ ಬಂದವರದು ಹಿಂದಿ. ಹೀಗಿರುವಾಗ ಬರಹದ ಸಂದೇಶವನ್ನೇ ನೆಚ್ಚಿಕೊಂಡರೆ ಅರ್ಧ ಜನ ಮೂಕರಾಗುತ್ತಾರೆ. ಧ್ವನಿ ಸಂದೇಶ ಮತ್ತು ಛಾಯಾಚಿತ್ರಗಳೇ ಇಲ್ಲಿ ಹೆಚ್ಚು ಉಪಯುಕ್ತ. ಚಲಿಸುವ ಯಂತ್ರದ ಬಳಿ ಮೊಬೈಲ್ ಅಪಾಯಕಾರಿಯಾದ್ದರಿಂದ, ಪಾಳಿ ಬದಲಾಗುವಾಗ ಎರಡೂ ಪಾಳಿಯವರು ಹತ್ತು ನಿಮಿಷ ಒಟ್ಟಿಗೆ ನಿಂತು ಮಾತನಾಡುವುದು ಅವಶ್ಯ. ಮೊಬೈಲ್ ಇಲ್ಲದವರಿಗೆ ಅದೇ ಜಾಲತಾಣ. ಸಮೀಪದ ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿರುವಂತಹ ಔಷಧ ಮತ್ತು ರಾಸಾಯನಿಕ ಘಟಕಗಳಲ್ಲಂತೂ ಪಾಳಿಯಿಂದ ಪಾಳಿಗೆ ಮಾತು ದಾಟದಿದ್ದರೆ ಅದು ಜೀವಕ್ಕೇ ಎರವಾದೀತು.

ಎಲ್ಲರಿಗೂ ಬಾಯಿ ಕೊಟ್ಟರೆ ಶಿಸ್ತು ಉಳಿಯುವುದೇ ಎಂದು ಹಿರಿಯ ಉದ್ಯಮಿಗಳು ಕೇಳಬಹುದು. ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಹಬ್ಬದ ಶುಭಾಶಯ, ಗಾಳಿಸುದ್ದಿ, ರಾಜಕೀಯಗಳ ನಡುವೆ ಕೆಲಸದ ಮಾತು ಕಳೆದುಹೋಗುವುದುಂಟು. ಆದ್ದರಿಂದ ಕೆಲವು ನಿಯಮಗಳು ಬೇಕು. ಗುಂಪಿನಲ್ಲಿ ಕೆಲಸದ ವಿಷಯ ಮಾತ್ರ ಇರಲಿ. ತಕ್ಷಣದ ಅಪಾಯ ಕಂಡರೆ ಮೊದಲು ಯಂತ್ರ ನಿಲ್ಲಲಿ, ಸಂದೇಶ ಆಮೇಲೆ. ಉಳಿದ ದೂರುಗಳಿಗೆ ಒಂದು ದಿನದೊಳಗೆ ಉತ್ತರ ಸಿಗಲಿ. ಆಗದ ಕೆಲಸವಾದರೆ ಆಗದೆಂದೇ ಹೇಳಿರಿ. ರಜೆಯ ದಿನ ಆದೇಶಗಳು ಬೇಡ. ಕಾರ್ಮಿಕರ ಆಧಾರ್ ಸಂಖ್ಯೆ, ಕಾಯಿಲೆ, ಸಾಲದ ವಿವರಗಳನ್ನು ಗುಂಪಿನಲ್ಲಿ ಹಾಕಲೇಬಾರದು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೇ ಬಂದಿರುವಾಗ ಇದು ಸೌಜನ್ಯಕ್ಕೆ ಮಾತ್ರ ಬಿಟ್ಟ ವಿಷಯವಾಗಿ ಉಳಿದಿಲ್ಲ. ತೂಕ, ಹಾಜರಿ, ಪಗಾರಗಳ ದಾಖಲೆ ಎಂದಿನಂತೆ ಪುಸ್ತಕದಲ್ಲಿಯೇ ಇರಲಿ.

ಆದರೆ ಎಲ್ಲಕ್ಕಿಂತ ಕಠಿಣವಾದ ನಿಯಮ ಮಾಲೀಕನಿಗೇ ಅನ್ವಯಿಸುವಂತಹುದು. ಒಮ್ಮೆ ನಮ್ಮ ಫಿಟ್ಟರನು ಎಲ್ಲರೂ ಕೇಳುವಂತೆ ಗುಂಪಿನಲ್ಲಿ ಧ್ವನಿ ಸಂದೇಶ ಕಳುಹಿಸಿದ: “ಸಾವ್ಕಾರ್ರಿ, ಆ ಪಟ್ಟಾ ಬದಲಾಯಿಸ್ರಿ ಅಂತ ಹೋದ ತಿಂಗಳಾನೇ ಹೇಳಿದ್ದೆ.” ಖರ್ಚು ಉಳಿಸಲೆಂದು ಅದನ್ನು ಮುಂದೂಡಿದವನು ನಾನೇ. ಆತನನ್ನು ಗುಂಪಿನಿಂದ ತೆಗೆದುಹಾಕುವಷ್ಟು ಸಿಟ್ಟು ಬಂದದ್ದು ನಿಜ. ಒಂದು ಗಂಟೆ ತಡೆದು, ‘ತಪ್ಪು ನನ್ನದು, ನಾಳೆ ಪಟ್ಟಾ ಬರುತ್ತದೆ’ ಎಂದು ಅದೇ ಗುಂಪಿನಲ್ಲಿ ಉತ್ತರಿಸಿದೆ. ಅಲ್ಲಿಯವರೆಗೆ ಒಂದು ಮಾತನ್ನೂ ಆಡದಿದ್ದ ಹೆಣ್ಣುಮಕ್ಕಳು ಮರುವಾರದಿಂದ ಮಾತನಾಡಲಾರಂಭಿಸಿದರು. ಹತ್ತಿಯಲ್ಲಿ ಕಲ್ಲು ಬಂದರೆ, ದೀಪ ಕೆಟ್ಟರೆ, ಕುಡಿಯುವ ನೀರು ಮುಗಿದರೆ ಈಗ ನನಗೆ ಆ ಕ್ಷಣವೇ ತಿಳಿಯುತ್ತದೆ.

ನಮ್ಮ ಸಂಸ್ಥೆಯು ಈ ದಿಶೆಯಲ್ಲಿ ಮುಂದಾಗಬೇಕೆಂಬುದು ನನ್ನ ವಿನಂತಿ. ಪ್ರತಿ ಹಂಗಾಮಿನ ಮೊದಲು ಸೈದಾಪುರ, ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಅರ್ಧ ದಿನದ ಸಭೆ ಏರ್ಪಡಿಸಲಿ. ದೂರದಿಂದ ತಜ್ಞರನ್ನು ಕರೆಸುವ ಅಗತ್ಯವಿಲ್ಲ. ಮಾಲೀಕರು ತಮ್ಮ ಮೇಸ್ತ್ರಿ, ಫಿಟ್ಟರ್, ಹಮಾಲರನ್ನು ಕರೆತಂದು ಮೊದಲ ಒಂದು ಗಂಟೆ ಅವರಿಗೇ ಮಾತನಾಡಲು ಬಿಟ್ಟರೆ ಸಾಕು. ಆ ಹೊತ್ತು ನಾವು ಮೌನವಾಗಿ ಕುಳಿತು ಕೇಳೋಣ.