ಸೇವೆಯ ಹೆಸರಿನಲ್ಲಿ ಸುಲಿಗೆ

ಸೇವಾಸಂಸ್ಥೆಗಳಲ್ಲಿ ದುಡಿಯುವವರಿಗೆ ಈಗ ಹೊಸದೊಂದು ಔಷಧ ಬಂದಿದೆ. ಸಂಬಳ ತಡವಾಯಿತೆ? ಕಣ್ಣು ಮುಚ್ಚಿ ಉಸಿರಾಡಿ. ಮೂವರ ಕೆಲಸ ಒಬ್ಬನ ಹೆಗಲಿಗೆ ಬಿತ್ತೆ? ನಸುಕಿನಲ್ಲೆದ್ದು ಯೋಗ ಮಾಡಿ. ಭಾನುವಾರವೂ ಬಿಡುವಿಲ್ಲವೆ? ಮನಸ್ಸನ್ನು ಹತೋಟಿಯಲ್ಲಿಡುವ ಬಗೆ ಹೇಳಿಕೊಡಲು ಪಂಡಿತರನ್ನೇ ಕರೆಸುತ್ತಾರೆ. ಯೋಗಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಸಂಬಳ ಕೊಡಬೇಕಾದ ಕೈ ಉಪದೇಶ ಕೊಟ್ಟರೆ ಅದನ್ನು ಮೋಸವೆನ್ನದೆ ಬೇರೇನೆನ್ನಬೇಕು?

ನಮಗೇಕೆ ಆ ಗೊಡವೆ ಎಂದು ಗಿರಣಿಯ ಬಂಧುಗಳು ಕೇಳಬಹುದು. ನಿಮ್ಮ ಮಕ್ಕಳೇ ನಾಲ್ಕಕ್ಷರ ಕಲಿತು ಇಂಥ ಸಂಸ್ಥೆಗಳ ಚೀಲ ಹೊತ್ತು ಹಳ್ಳಿ ಹಳ್ಳಿ ಅಲೆಯುತ್ತಿದ್ದಾರೆ. ಹನ್ನೊಂದು ತಿಂಗಳ ಕರಾರು. ಹಣ ಕೊಡುವವನ ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಬಾಯಿ ಬಿಟ್ಟರೆ, "ಸೇವೆಗೆ ಬಂದವರು ಲೆಕ್ಕ ಕೇಳುವುದೆ?" ಎಂಬ ಚುಚ್ಚುಮಾತು.

ದುಡಿದು ದುಡಿದು ಒಳಗೇ ಬರಿದಾಗುವ ಸ್ಥಿತಿಗೆ ಇಂಗ್ಲಿಷಿನವರು ಬರ್ನ್‌ಔಟ್ ಎನ್ನುತ್ತಾರೆ. ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಇದನ್ನು ಕುರಿತು ಬರೆದಾಗ ಅವನ ಕಣ್ಣ ಮುಂದಿದ್ದುದು ಕಾರ್ಖಾನೆಯಲ್ಲ, ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದು ರೋಗವಲ್ಲ, ಕೆಲಸದ ಜಾಗದಲ್ಲಿ ಬಹುಕಾಲ ಪರಿಹಾರ ಕಾಣದ ಒತ್ತಡದ ಫಲ ಎಂದಿತು. ಅದೇ ವರ್ಷ, ಇಬ್ಬರು ಕೆಲಸಗಾರರ ಆತ್ಮಹತ್ಯೆಯ ನಂತರ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ತಾನೇ ಮಾಡಿಸಿದ ಪರಿಶೀಲನೆ ಹೊರಬಿತ್ತು. ಉತ್ತರ ಕೊಟ್ಟ ನೌಕರರಲ್ಲಿ ನೂರಕ್ಕೆ 39 ಮಂದಿ, ಅಲ್ಲಿನ ಕೆಲಸದಿಂದಲೇ ತಮ್ಮ ಆರೋಗ್ಯ ಕೆಟ್ಟಿತೆಂದರು. ಜಗತ್ತಿಗೆಲ್ಲ ಹಕ್ಕಿನ ಪಾಠ ಹೇಳುವ ಮನೆಯ ಪಾಡು ಇದು! ಕೆಡುಕು ಕೆಲಸದ ಏರ್ಪಾಡಿನಲ್ಲಿರುವಾಗ ಕೆಲಸಗಾರನ ಉಸಿರನ್ನು ತಿದ್ದಿ ಫಲವೇನು?

ಕಾನೂನಿನ ಕಥೆ ಕೇಳಿ. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ತೀರ್ಪಿತ್ತಿತು. ಬಹುಮತದ ಪರವಾಗಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಹೇಳಿದ್ದಿಷ್ಟು: ಲಾಭದ ಉದ್ದೇಶವಿಲ್ಲದ ಮಾತ್ರಕ್ಕೆ ಸಂಸ್ಥೆಯೊಂದು ಕಾರ್ಮಿಕ ಕಾನೂನಿನಿಂದ ತಪ್ಪಿಸಿಕೊಳ್ಳಲಾಗದು. ಧಣಿ ಧರ್ಮಿಷ್ಠನಾದರೆ ಆಳಿನ ಹಸಿವು ಅಡಗೀತೆ? ಧರ್ಮಸಂಸ್ಥೆಗಳನ್ನು ಹೊರಗಿಡಲು 1982ರಲ್ಲಿ ಪಾರ್ಲಿಮೆಂಟು ತಿದ್ದುಪಡಿ ಮಾಡಿತು. ಆ ಭಾಗ ಜಾರಿಗೆ ಬರಲೇ ಇಲ್ಲ. ಆದರೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಅದೇ ಬಾಗಿಲನ್ನು ಮುಚ್ಚಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಈ ಸಂಹಿತೆಯ ಪ್ರಕಾರ ದಾನ, ಸಮಾಜಸೇವೆಯ ಸಂಸ್ಥೆಗಳು "ಕೈಗಾರಿಕೆ"ಯೇ ಅಲ್ಲ. ಅಲ್ಲಿಂದ ಹೊರದಬ್ಬಿಸಿಕೊಂಡವನು ಕೈಗಾರಿಕಾ ನ್ಯಾಯಮಂಡಳಿಯ ಮೆಟ್ಟಿಲು ಹತ್ತುವುದು ಹೇಗೆ? ಇಂದು "ಸೇವೆ" ಎಂಬ ಮಾತಿನಿಂದ ಅವನ ಹಕ್ಕು ಹೋಯಿತು. ನಾಳೆ ಯಾವ ಮಾತಿನಿಂದ ನಿಮ್ಮದು ಹೋದೀತು?

ಅಂಗಡಿಕಾರ ಮಿತ್ರರಿಗೂ ಒಂದು ಮಾತು. ದಾನದ ರೂಪಾಯಿಯಲ್ಲಿ ತೊಂಬತ್ತು ಪೈಸೆ ಬಡವರಿಗೇ ಹೋಗಬೇಕೆಂದು ನಾವು ಹಟ ಹಿಡಿಯುತ್ತೇವೆ. ಸರಕಾರವೂ 2020ರಲ್ಲಿ ವಿದೇಶೀ ದೇಣಿಗೆಯಿಂದ ಆಡಳಿತಕ್ಕೆ ಬಳಸಬಹುದಾದ ಪಾಲನ್ನು ನೂರಕ್ಕೆ 50ರಿಂದ 20ಕ್ಕೆ ಇಳಿಸಿತು. ಕಳ್ಳರನ್ನು ಹಿಡಿಯಲಿ, ಬೇಡವೆಂದವರಾರು? ಆದರೆ ಮಳಿಗೆಯ ಬಾಡಿಗೆ, ದೀಪದ ಖರ್ಚು, ಆಳಿನ ಸಂಬಳ ಇಲ್ಲದೆ ನಿಮ್ಮ ವ್ಯಾಪಾರ ನಡೆದೀತೆ? ಗುಮಾಸ್ತೆಯ ಸಂಬಳವನ್ನು ದಂಡವೆಂದು ಎಣಿಸುವ ದಾನ, ಒಬ್ಬ ಬಡವನ ಅನ್ನ ಕಿತ್ತು ಇನ್ನೊಬ್ಬನಿಗೆ ಬಡಿಸಿದಂತೆ.

ಆದುದರಿಂದ ರಸೀದಿ ಪುಸ್ತಕ ಹಿಡಿದು ಬಂದವರನ್ನು ಕೇಳಿ: ನಿಮ್ಮ ನೌಕರರಿಗೆ ನೇಮಕದ ಪತ್ರ ಕೊಟ್ಟಿದ್ದೀರಾ? ಸಂಬಳ ತಾರೀಖಿಗೆ ಸಲ್ಲುತ್ತದೆಯೆ? ವಾರಕ್ಕೊಂದು ರಜೆ ಉಂಟೆ? ಭವಿಷ್ಯನಿಧಿ ಕಟ್ಟಿದ್ದೀರಾ? ಗಿರಣಿಯ ಸಂಘಗಳೂ ಈ ನೌಕರರನ್ನು ತಮ್ಮ ಸಭೆಗೆ ಕರೆಯಲಿ. ಸಂಹಿತೆಯ ಆ ಹೊರಗಿಡುವ ಮಾತನ್ನು ಅಳಿಸುವ ಬೇಡಿಕೆಯನ್ನು ತಮ್ಮ ಬೇಡಿಕೆಗಳ ಪಟ್ಟಿಗೆ ಸೇರಿಸಲಿ. ಕಾರ್ಮಿಕನಿಗೆ ಜೀವನಯೋಗ್ಯ ಮಜೂರಿ ಮತ್ತು ಬಿಡುವು ದೊರಕಿಸಬೇಕೆಂದು ಸಂವಿಧಾನದ 43ನೆಯ ವಿಧಿ ಹೇಳುತ್ತದೆ. ಸೇವಾಸಂಸ್ಥೆಯ ಕಾರ್ಮಿಕನನ್ನು ಅದು ಹೊರಗಿಟ್ಟಿಲ್ಲ. ನಾವೇಕೆ ಹೊರಗಿಡಬೇಕು?