ಬೈಕ್‌ಗೆ ಜೋರು ಹಾರ್ನ್: ಸದ್ದು ಹೆಚ್ಚಿದರೆ ಸವಾರನ ಸುರಕ್ಷತೆಯೂ ಹೆಚ್ಚುತ್ತದೆಯೇ?

ಹೊಸ ಬೈಕ್ ಮನೆಗೆ ಬಂದ ಕೆಲವೇ ದಿನಗಳಲ್ಲಿ ಅನೇಕ ಸವಾರರು ಮಾಡಿಸುವ ಬದಲಾವಣೆ ಹಾರ್ನ್‌ನದ್ದು. ಕಂಪನಿ ಕೊಟ್ಟ ಹಾರ್ನ್ ಸಾಲದು, ಲಾರಿ ಚಾಲಕರಿಗೆ ಕೇಳಿಸುವುದೇ ಇಲ್ಲ ಎಂಬುದು ಎಲ್ಲೆಡೆ ಇರುವ ದೂರು. ಬಿಡಿಭಾಗಗಳ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಜೋಡಿ ಹಾರ್ನ್ ಸಿಗುತ್ತದೆ, ಅರ್ಧ ಗಂಟೆಯಲ್ಲಿ ಕೂರಿಸಿಯೂ ಕೊಡುತ್ತಾರೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲಿ ಹೋದರೂ ಇದೇ ಕಥೆ.

ಇದನ್ನು ಬರೀ ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಬಸ್ಸು, ಲಾರಿಗಳ ನಡುವೆ ನುಸುಳಿ ಕೆಲಸಕ್ಕೆ ಹೋಗುವ ಸವಾರನಿಗೆ ‘ನಾನಿಲ್ಲಿದ್ದೇನೆ’ ಎಂದು ಹೇಳಲು ಇರುವ ದಾರಿ ಹಾರ್ನ್ ಒಂದೇ. ಅವನ ಭಯ ನಿಜ. ಆ ಭಯಕ್ಕೆ ಜೋರು ಹಾರ್ನ್ ಮದ್ದೇ ಎಂಬುದು ಪ್ರಶ್ನೆ.

ಸದ್ದು ಯಾರಿಗೆ ಕೇಳುತ್ತದೆ?

ಹಾರ್ನ್‌ನ ಡಬ್ಬಿಯ ಮೇಲೆ ದೊಡ್ಡದಾಗಿ ಡೆಸಿಬೆಲ್ ಸಂಖ್ಯೆ ಇರುತ್ತದೆ. ಆದರೆ ಎಷ್ಟು ದೂರದಲ್ಲಿ ಅಳೆದದ್ದು ಎಂದು ತಿಳಿಯದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದರ ಬದಲು ಅಂಥವೇ ಎರಡು ಹಾರ್ನ್ ಹಾಕಿಸಿದರೆ ಏರುವುದು ಸುಮಾರು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಎರಡು ಪಟ್ಟು ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಹೆಚ್ಚಬೇಕು.

ಇನ್ನೊಂದು ತೊಡಕೂ ಇದೆ. ಗಾಜು ಏರಿಸಿ, ಎಸಿ ಮತ್ತು ಹಾಡು ಹಾಕಿಕೊಂಡ ಕಾರಿನೊಳಗೆ ಹೊರಗಿನ ಸದ್ದಿನ ಬಹುಪಾಲು ತಲುಪುವುದಿಲ್ಲ. ಪೂರ್ತಿ ಸದ್ದು ಬೀಳುವುದು ಪಾದಚಾರಿಗೆ, ಬಸ್ ನಿಲ್ದಾಣದಲ್ಲಿ ನಿಂತ ವೃದ್ಧರಿಗೆ, ಪಕ್ಕದ ಸ್ಕೂಟರ್‌ನಲ್ಲಿ ತಾಯಿಯ ಮುಂದೆ ನಿಂತ ಮಗುವಿಗೆ. ಅಂದರೆ ಯಾರಿಗೆ ಕೇಳಲೆಂದು ಒತ್ತಿದರೋ ಅವರಿಗಿಂತ, ಸಂಬಂಧವೇ ಇಲ್ಲದವರಿಗೆ ಹೆಚ್ಚು ಕೇಳುತ್ತದೆ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎದುರಿನವರು ಸದ್ದು ಕೇಳಿ, ಎಲ್ಲಿಂದ ಬಂತೆಂದು ಗುರುತಿಸಿ, ಪಕ್ಕಕ್ಕೆ ಸರಿಯಲು ಸಮಯ ಬೇಕು. ಹಾರ್ನ್ ಎಷ್ಟೇ ಜೋರಾದರೂ ಆ ಸಮಯ ಉಳಿಯುವುದಿಲ್ಲ. ದಾರಿ ಬಿಡುತ್ತಾರೆಂದು ನಂಬಿ ಹಾರ್ನ್ ಒತ್ತುತ್ತಲೇ ಮುನ್ನುಗ್ಗುವ ಸವಾರ, ಬ್ರೇಕ್‌ಗೆ ಸಿಗಬೇಕಾದ ಸೆಕೆಂಡನ್ನು ಹಾರ್ನ್‌ಗೆ ಕೊಟ್ಟಿರುತ್ತಾನೆ. ಅದೇ 2022ರ ವರದಿಯಲ್ಲಿ ಸಾವಿನ ಕಾರಣಗಳ ಪೈಕಿ ಮೊದಲ ಸ್ಥಾನ ಅತಿವೇಗಕ್ಕೆ. ಹೆಲ್ಮೆಟ್ ಧರಿಸದೆ ಸತ್ತವರ ಸಂಖ್ಯೆಯೇ 50 ಸಾವಿರ ದಾಟಿತ್ತು.

ಕಾನೂನು ಏನು ಹೇಳುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮದಂತೆ ಪ್ರತಿ ವಾಹನಕ್ಕೂ ಭಾರತೀಯ ಮಾನದಂಡಕ್ಕೆ ಹೊಂದುವ ವಿದ್ಯುತ್ ಹಾರ್ನ್ ಇರಬೇಕು. ಒಂದರ ಹಿಂದೊಂದು ಬೇರೆ ಬೇರೆ ಸ್ವರ ಹೊರಡಿಸುವ, ಕರ್ಕಶವಾದ, ಬೆಚ್ಚಿಬೀಳಿಸುವ ಹಾರ್ನ್‌ಗಳಿಗೆ ಅವಕಾಶವಿಲ್ಲ. ವಸತಿ ಪ್ರದೇಶಗಳಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೀರಾ ಅನಿವಾರ್ಯವಲ್ಲದೆ ಹಾರ್ನ್ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2005ರ ಜುಲೈನಲ್ಲೇ ಆದೇಶಿಸಿದೆ. 2019ರ ತಿದ್ದುಪಡಿಯ ಬಳಿಕ ಅನಗತ್ಯವಾಗಿ ಹಾರ್ನ್ ಬಾರಿಸಿದರೆ ಮೊದಲ ಸಲ 1,000 ರೂ., ಮತ್ತೆ ಸಿಕ್ಕಿಬಿದ್ದರೆ 2,000 ರೂ. ದಂಡವಿದೆ.

ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ ಬೀದಿಯಲ್ಲಿ ಲೆಕ್ಕ ಬೇರೆ. ದಂಡ ಬೀಳುವುದು ಸಿಕ್ಕಿಬಿದ್ದ ಸವಾರನಿಗೆ. ಅದೇ ಹಾರ್ನ್‌ನ್ನು ಬಿಲ್ ಕೊಟ್ಟು ಮಾರಿದ ಅಂಗಡಿ ಮರುದಿನವೂ ತೆರೆದಿರುತ್ತದೆ.

ಗಮನ ಸೆಳೆದ ಪ್ರಯೋಗಗಳು

ಮುಂಬೈ ಸಂಚಾರ ಪೊಲೀಸರು 2020ರ ಜನವರಿ ಕೊನೆಯಲ್ಲಿ ಪ್ರಕಟಿಸಿದ ‘ಪನಿಶಿಂಗ್ ಸಿಗ್ನಲ್’ ವಿಡಿಯೊ ದೇಶದ ಗಮನ ಸೆಳೆಯಿತು. ಕೆಂಪು ದೀಪದಲ್ಲಿ ನಿಂತವರ ಹಾರ್ನ್ ಸದ್ದು 85 ಡೆಸಿಬೆಲ್ ದಾಟಿದರೆ ಸಿಗ್ನಲ್ ಮತ್ತೆ ಮೊದಲಿನಿಂದ ಎಣಿಕೆ ಶುರುಮಾಡುತ್ತಿತ್ತು. 2025ರ ಜನವರಿಯಲ್ಲಿ ಕರ್ನಾಟಕದ ಸಂಚಾರ ಪೊಲೀಸ್ ಒಬ್ಬರು ಕರ್ಕಶ ಹಾರ್ನ್ ಹಾಕಿಸಿಕೊಂಡಿದ್ದ ಚಾಲಕರನ್ನು ಅವರದೇ ಹಾರ್ನ್ ಎದುರು ಕೂರಿಸಿ ಸದ್ದು ಕೇಳಿಸಿದ ವಿಡಿಯೊ ಹರಿದಾಡಿತು. ಹಾರ್ನ್‌ಗಳಿಂದ ಕೊಳಲು, ತಬಲಾದಂಥ ವಾದ್ಯಗಳ ನಾದ ಬರುವಂತೆ ಕಾನೂನು ತರುವ ಚಿಂತನೆಯಿದೆ ಎಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2021ರಲ್ಲೂ, 2025ರಲ್ಲೂ ಹೇಳಿದ್ದರು. ಕೊಳಲಿನ ನಾದವಾದರೂ ಸಾವಿರ ಸವಾರರು ಒಟ್ಟಿಗೆ ಒತ್ತಿದರೆ ಗದ್ದಲವೇ.

ಮಿಜೋರಾಂ ರಾಜಧಾನಿ ಐಜಾಲ್‌ನ ಉದಾಹರಣೆ ಇದಕ್ಕಿಂತ ಗಟ್ಟಿ. ಕಡಿದಾದ, ಕಿರಿದಾದ ರಸ್ತೆಗಳಿದ್ದರೂ ಅಲ್ಲಿ ದ್ವಿಚಕ್ರ ವಾಹನಗಳು ಒಂದು ಸಾಲಿನಲ್ಲಿ, ಕಾರುಗಳು ಇನ್ನೊಂದು ಸಾಲಿನಲ್ಲಿ ಸದ್ದಿಲ್ಲದೆ ಸಾಗುತ್ತವೆ. ಬೈಕ್‌ಗೆ ತನ್ನದೇ ಜಾಗ ಸಿಕ್ಕರೆ ಅದನ್ನು ಕೂಗಿ ಕೇಳುವ ಅಗತ್ಯ ಬೀಳುವುದಿಲ್ಲ.

ಸವಾರ ಏನು ಮಾಡಬಹುದು?

ಹಾರ್ನ್ ಕ್ಷೀಣಿಸಿದ್ದರೆ ಮೊದಲು ಬ್ಯಾಟರಿ, ತುಕ್ಕು ಹಿಡಿದ ಸಂಪರ್ಕ ತಂತಿಗಳನ್ನು ಪರೀಕ್ಷಿಸಬೇಕು. ಎಷ್ಟೋ ಬಾರಿ ಸಮಸ್ಯೆ ಅಲ್ಲೇ ಇರುತ್ತದೆ. ಬದಲಿಸಲೇಬೇಕಾದರೆ ಮಾನದಂಡಕ್ಕೆ ಹೊಂದುವ, ಒಂದೇ ಸ್ವರದ ಹಾರ್ನ್ ಸಾಕು. ಹೆಚ್ಚು ವಿದ್ಯುತ್ ಎಳೆಯುವ ಜೋಡಿ ಹಾರ್ನ್‌ನ್ನು ರಿಲೇ ಇಲ್ಲದೆ ಜೋಡಿಸಿದರೆ ಸ್ವಿಚ್ ಸುಡಬಹುದು, ಫ್ಯೂಸ್ ಹಾರಬಹುದು. ತಂತಿ ಕತ್ತರಿಸಿದರೆ ವಾರಂಟಿಗೂ ಕುತ್ತು.

ಜೋರು ಹಾರ್ನ್‌ನ ಲಾಭ ಪಕ್ಕದವನೂ ಅದನ್ನೇ ಹಾಕಿಸುವವರೆಗೆ ಮಾತ್ರ. ಆಮೇಲೆ ಇನ್ನೂ ಜೋರಾದದ್ದು ಬೇಕಾಗುತ್ತದೆ. ಈ ಪೈಪೋಟಿ ನಿಲ್ಲಬೇಕಾದರೆ ತಪಾಸಣೆ ಅಂಗಡಿಯ ಬಾಗಿಲಿನಿಂದ ಶುರುವಾಗಬೇಕು, ರಸ್ತೆಯಲ್ಲಿ ಬೈಕ್‌ಗೂ ಜಾಗ ಸಿಗಬೇಕು. ಅಲ್ಲಿಯವರೆಗೆ ಸವಾರನನ್ನು ಕಾಯುವುದು ಬ್ರೇಕ್, ಹೆಲ್ಮೆಟ್ ಮತ್ತು ಲಾರಿ ಚಾಲಕನ ಕನ್ನಡಿಯಲ್ಲಿ ತಾನು ಕಾಣುವಷ್ಟು ಬಿಟ್ಟುಕೊಂಡ ಅಂತರ.